ಹನ್ನೊಂದನೇ ಬೀಗ ಮತ್ತು ಮುರಿಗೆಪ್ಪಜ್ಜನ ಪೇಟಿ

ನಮ್ಮ ಊರಿನ ಮದುವೆ ಕರೆಯೋಲೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಕು, ಊರಿನ ಸ್ವಭಾವ ಗೊತ್ತಾಗಿಬಿಡುತ್ತದೆ. ಮೇಲೆ ದೇವರ ಹೆಸರು, ಕೆಳಗೆ ಹುಡುಗ ಹುಡುಗಿಯ ಹೆಸರು, ಆಮೇಲೆ ಒಂದು ಗೇಣು ಖಾಲಿ ಕಾಗದ, ತಳದಲ್ಲಿ ಊಟದ ಹೊತ್ತು. ಆ ಖಾಲಿ ಜಾಗದಲ್ಲಿ ಮೊದಲು ಇದ್ದದ್ದು ಸೋದರಮಾವಂದಿರ, ಚಿಕ್ಕಪ್ಪಂದಿರ, ಅವರ ಮಕ್ಕಳ ಹೆಸರು. ಅಚ್ಚಾಗಿ ಬಂದ ಮೂರನೇ ದಿನಕ್ಕೆ ಅಳಿಸಿಹೋಗಿರುತ್ತವೆ. ಓದುವವರಿಲ್ಲದ ಅಕ್ಷರ ನಮ್ಮಲ್ಲಿ ನಿಲ್ಲುವುದಿಲ್ಲ, ಅಷ್ಟೇ.

ಇದಕ್ಕೆ ನಾವು ಹೊಂದಿಕೊಂಡು ಎಷ್ಟೋ ಕಾಲವಾಯಿತು. ಬಜಾರಿನ ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎದುರಿನವರ ಬೋರ್ಡು ಓದುತ್ತಾರೆ, ಎದುರಿನವರು ಇವರದನ್ನು ಓದುತ್ತಾರೆ. ಪರೀಕ್ಷೆ ಮುಗಿದ ಮರುದಿನ ಮಕ್ಕಳ ಪುಸ್ತಕಗಳೆಲ್ಲ ಬೆಳ್ಳಗಾಗುತ್ತವೆ, ತಂಗಿ ತಮ್ಮಂದಿರು ಅದರಲ್ಲೇ ಚಿತ್ರ ಬಿಡಿಸುತ್ತಾರೆ. ಮೋಸ ಮಾಡೋಣವೆಂದರೆ ಆಗುವುದಿಲ್ಲ. ಬರೆದವರೇ ಓದಿಕೊಂಡರೆ ಅದು ಗಣನೆಗಿಲ್ಲ. ಬೇರೆಯವರು ಮುಲಾಜಿಗೆ ಓದಿದರೂ ಇಲ್ಲ. ಮುಂದೇನಿದೆ ಎಂದು ಬೇಕಾಗಿ ಓದಬೇಕು.

ಇಂಥ ಊರಿನಲ್ಲಿ ನಾನು ಬ್ಲಾಗು ಬರೆಯುವವಳು. ಸಂತೆಯ ನಡುವೆ ರಂಗೋಲಿ ಹಾಕಿದ ಹಾಗೆ. ಓದುಗರು ಯಾವ ಸಾಲಿನಲ್ಲಿ ಆಕಳಿಸಿ ಎದ್ದುಹೋದರೆಂದು ಬೇರೆ ಊರಿನ ಬ್ಲಾಗಿನವರಿಗೆ ತಿಳಿಯದು. ನನಗೆ ತಿಳಿಯುತ್ತದೆ. ಅಲ್ಲಿಂದ ಕೆಳಗೆ ಪರದೆ ಬೆಳ್ಳಗಿರುತ್ತದೆ. ನನ್ನ ಮೊದಲನೇ ಬರಹ 'ಪೇಟಿಯು ಒಂದು ಮಧುರವಾದ ವಾದ್ಯವಾಗಿದ್ದು' ಎಂದು ಶುರುವಾಗಿತ್ತು. ಈಗಲೂ ಹೋಗಿ ನೋಡಬಹುದು, ಉಳಿದಿರುವುದು ಅಷ್ಟೇ.

ಪೇಟಿಯೆಂದರೆ ಹಾರ್ಮೋನಿಯಂ. ತೀರಿಹೋದ ಅಮ್ಮನ ಪೇಟಿಯಲ್ಲಿ ಮಧ್ಯಮ ಸ್ವರ ಸತ್ತುಹೋಗಿದೆಯೆಂದು ಎರಡು ವರ್ಷದ ಹಿಂದೆ ಬಜಾರಿನ ವಾದ್ಯದ ಅಂಗಡಿಗೆ ಒಯ್ದಿದ್ದೆ. ಮಾಲೀಕರು ಊಟಕ್ಕೆ ಹೋಗಿದ್ದರು. ಹಿಂದಿನ ಕೋಣೆಯಲ್ಲಿ ಯಾರೋ ಕೆಮ್ಮಿದಂತಾಯಿತು, ಹೋಗಿ ನೋಡಿದೆ. ಮರದ ಪುಡಿಯ ನಡುವೆ ಕೂತಿದ್ದ ಒಬ್ಬ ಅಜ್ಜ ನನ್ನ ಪೇಟಿ ಇಸಿದುಕೊಂಡು, ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಯ ಕೆಳಗೆ ಒಂದು ತೆಳ್ಳನೆಯ ಕಾಗದದ ಪಟ್ಟಿ ತೂರಿಸಿ ಎಳೆದ. ಒಂದು ಕೂದಲೆಳೆ ಹೊರಗೆ ಬಂತು. ಸ್ವರ ಹಾಡಿತು. ಅದು ಅಮ್ಮನ ಕೂದಲು, ಉದ್ದಕ್ಕೆ, ಅರ್ಧ ನರೆತದ್ದು. ನಾನು ಅಲ್ಲೇ ಕೂತು ಅತ್ತೆ. ಅಜ್ಜ ಕೂದಲನ್ನು ಕಾಗದದಲ್ಲಿ ಮಡಚಿ ಕೊಟ್ಟ.

ಮುರಿಗೆಪ್ಪ ಬಡಿಗೇರ ನಲವತ್ತೆರಡು ವರ್ಷದಿಂದ ಆ ಹಿಂದಿನ ಕೋಣೆಯಲ್ಲೇ ಕೂತವನು. ಊರಿನ ಅಷ್ಟೂ ಪೇಟಿಗಳು ಮುಂದಿನ ಬಾಗಿಲಲ್ಲಿ ಹೋಗಿ ಮುಂದಿನ ಬಾಗಿಲಲ್ಲೇ ಬರುತ್ತಿದ್ದವು, ಒಳಗಿನ ಕೈ ಯಾರದೆಂದು ಒಬ್ಬರೂ ಕೇಳಿದವರಲ್ಲ. ಅವನಿಗೆ ಮಕ್ಕಳಿಲ್ಲ, ಶಿಷ್ಯರೂ ಇರಲಿಲ್ಲ. ಅಂದಿನಿಂದ ನಾನು ದಿನಾ ಮಧ್ಯಾಹ್ನ ಹೋಗಿ ಕೆಲಸ ಕಲಿಯತೊಡಗಿದೆ, ಕಲಿತದ್ದನ್ನು ಬ್ಲಾಗಿನಲ್ಲಿ ಬರೆದೆ. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಗಾಳಿ ಒತ್ತುವ ತಿದಿಯ ತೂತು ಹುಡುಕಬೇಕಾದರೆ ಒದ್ದೆ ಕೆನ್ನೆ ಹತ್ತಿರ ಹಿಡಿದು ನೋಡಬೇಕು. ಇಂಥವು. ಪ್ರತಿ ಬರಹದ ಕೊನೆಯ ಸಾಲು ಒಂದೇ: ಹೇಳಿಕೊಟ್ಟವರು ಮುರಿಗೆಪ್ಪ ಬಡಿಗೇರ.

ಮೊದಲು ಅಳಿಸಿಹೋಗುತ್ತಿದ್ದದ್ದು ಆ ಸಾಲೇ. ಹೋದ ವರ್ಷದಿಂದ ಅಜ್ಜನ ಕೈ ನಡುಗತೊಡಗಿತ್ತು, ಇನ್ನು ಹೆಚ್ಚು ದಿನ ಸಣ್ಣ ಕೆಲಸ ಆಗಲಿಕ್ಕಿಲ್ಲವೆಂದು ಡಾಕ್ಟರು ಹೇಳಿದ್ದರು. ಅವನ ಕೆಲಸವೂ ಹೋಗಿ ಹೆಸರೂ ಹೋದರೆ ಆ ಮನುಷ್ಯ ಇದ್ದನೆಂದು ಹೇಳುವುದಾದರೂ ಹೇಗೆ? ಹೆಸರನ್ನು ಮೇಲೆಯೇ ಹಾಕುತ್ತೇನೆ, ಎಲ್ಲರೂ ಓದುತ್ತಾರೆ ಎಂದೆ. ಅಜ್ಜ ಕನ್ನಡಕದ ಮೇಲಿಂದ ನೋಡಿದ.

"ಪದದ ಕಡೀಕ ಅಂಕಿತ ಬರಬೇಕವಾ. ತಲಿ ಮ್ಯಾಲ ಹೆಸರು ಹೊತ್ತಗೊಂಡು ತಿರಗಾಕ ನಾನೇನು ಅಂಗಡಿ ಬೋರ್ಡಾ?"

ಅಲ್ಲಿಗೆ ಆ ದಾರಿ ಮುಚ್ಚಿತು. ಉಳಿದದ್ದು ಒಂದೇ ದಾರಿ, ಜನ ಕೊನೆಯ ಸಾಲಿನವರೆಗೆ ಬೇಕಾಗಿ ಓದುವಂತೆ ಬರೆಯುವುದು. ಪರೀಕ್ಷೆಗೆ ನನ್ನ ಗಂಡ ಈರಣ್ಣ ಇದ್ದ. ಹಿಟ್ಟಿನ ಗಿರಣಿ ನಡೆಸುವವನು, ಬಂಗಾರದಂಥ ಮನುಷ್ಯ, ಆದರೆ ನಾಲ್ಕನೇ ಸಾಲಿಗೆ ನಿದ್ದೆ. ಅವನು ಫೋನು ಹಿಡಿದು ನನ್ನ ಮುಲಾಜಿಗೆ ಹೂಂ ಹೂಂ ಎನ್ನುತ್ತಿದ್ದರೆ ಅವನ ಕಣ್ಣೆದುರೇ ಸಾಲುಗಳು ಮಾಸುತ್ತಿದ್ದವು. ಪಾಪ, ಅವನಿಗೂ ನಾಚಿಕೆ.

ಅದೇ ಈರಣ್ಣ ಸಂಜೆ ಏಳಕ್ಕೆ ಬೇರೆಯೇ ಮನುಷ್ಯನಾಗುತ್ತಿದ್ದ. ಟೀವಿಯಲ್ಲಿ 'ಹನ್ನೊಂದನೇ ಬೀಗ' ಬರುವ ಹೊತ್ತು ಅದು. ಕೋಟೆಯಂಥ ಹಳೆಯ ವಾಡೆ, ಅದರಲ್ಲೊಂದು ಕೊಲೆ, ಹನ್ನೊಂದು ಬೀಗ ಹಾಕಿದ ಕೋಣೆಗಳು, ಇನ್ಸ್‌ಪೆಕ್ಟರ್ ದಾಕ್ಷಾಯಿಣಿ ಒಂದೊಂದೇ ಬೀಗ ತೆಗೆಸುತ್ತಾಳೆ, ಕೊನೆಯ ಕೋಣೆಯಲ್ಲಿ ಯಾರೋ ಗುನುಗುತ್ತಾರೆ. ಆ ಅರ್ಧ ಗಂಟೆ ಊರಿನಲ್ಲಿ ನಾಯಿ ಬಿಟ್ಟರೆ ಮತ್ತೊಂದು ಜೀವ ಬೀದಿಯಲ್ಲಿರುತ್ತಿರಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಸುತ್ತ ನೋಡಿದೆ. ಈರಣ್ಣ ತುತ್ತು ಎತ್ತಿದವನು ಎತ್ತಿದಂತೆಯೇ ಕೂತಿದ್ದ. ಕೈ ಬಾಯಿಗೆ ಹೋಗಿರಲಿಲ್ಲ, ತಾಟಿಗೂ ಇಳಿದಿರಲಿಲ್ಲ. ನನ್ನ ಹನ್ನೆರಡು ಸಾಲು ಓದಲಾರದವನು ಆ ವಾಡೆಯ ಬಾಗಿಲಲ್ಲಿ ಹತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತಿದ್ದ. ಬ್ಲಾಗಿನವರು ಪಾಠ ಕಲಿಯಬೇಕಾದದ್ದು ಇಲ್ಲೇ ಎಂದು ನನಗೆ ಆ ಕ್ಷಣವೇ ಅನಿಸಿಬಿಟ್ಟಿತು.

ಅಂದಿನಿಂದ ನಾನು ಕಥೆ ನೋಡುವುದು ಬಿಟ್ಟು ಕಥೆ ಹೇಳುವವನ ಕೈ ನೋಡತೊಡಗಿದೆ. ನಾನೇ ಬರೆದಿಟ್ಟುಕೊಂಡರೆ ಬೆಳಗಾಗುವುದರೊಳಗೆ ಮಾಯವಾಗುತ್ತಿತ್ತು, ಹಾಗಾಗಿ ನಾನು ಹೇಳುವುದು, ಈರಣ್ಣ ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಎಂದು ಮಾಡಿದೆವು. ಜೋಳದ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತವರೆಲ್ಲ ಬೀಗದ ಸುದ್ದಿಯೆಂದು ಚಪ್ಪರಿಸಿಕೊಂಡು ಓದಿದ್ದರಿಂದ ಆ ಗೋಡೆ ಈಗಲೂ ಹಾಗೇ ಇದೆ. ಮೊದಲನೆಯದು, ಧಾರಾವಾಹಿಯವರು ಬಂದವರಿಗೆ ನಮಸ್ಕಾರ ಹೇಳುತ್ತ ನಿಲ್ಲುವುದಿಲ್ಲ, ನೇರ ಬಾಗಿಲಿಗೇ ಒಯ್ದು ನಿಲ್ಲಿಸುತ್ತಾರೆ. ಎರಡನೆಯದು, ಮೂರನೇ ದಿನ ತೋರಿಸಿದ ಕತ್ತರಿ ಒಂಬತ್ತನೇ ದಿನ ಕೆಲಸಕ್ಕೆ ಬರುತ್ತದೆ, ಸುಮ್ಮನೆ ಯಾವುದನ್ನೂ ತೋರಿಸುವುದಿಲ್ಲ. ಅಲ್ಲಿ ಹಾಲು ಹಾಕುವವನಿಗೂ ಏನೋ ಒಂದು ಆಸೆಯಿರುತ್ತದೆ ಎಂಬುದು ಈರಣ್ಣನೇ ಹುಡುಕಿದ ಪಾಠ, ಅದಕ್ಕವನು ಅಡಿಗೆರೆಯನ್ನೂ ಎಳೆದಿದ್ದ. ಎಲ್ಲಕ್ಕಿಂತ ದೊಡ್ಡದು ಕೊನೆಯದು. ಬೀಗದ ಮೇಲೆ ಕೈ ಇಟ್ಟಾಗಲೇ ಮುಗಿಸಿಬಿಡಬೇಕು.

ನಾನು ಬರೆದೇ ಬರೆದೆ. 'ಯಾರೂ ಮುಟ್ಟದ ಪೇಟಿ ಹಾಡಿತು' ಎಂದು ಶುರು ಮಾಡಿದೆ. ಟೇಲರ್ ರಾಚಪ್ಪನ ಮನೆಯಲ್ಲಿ ತಿದಿ ಒತ್ತಿದರೆ ಸಾಕು, ಬೆರಳು ಇಡದೆಯೂ ಒಂದು ಸ್ವರ ಕೂಗುತ್ತಲೇ ಇರುತ್ತದೆ. ಬೆರಳಿಟ್ಟು ನುಡಿಸುವ ಪಟ್ಟಿಯನ್ನು ಎತ್ತಿ ನೋಡಿದರೆ ಕೆಳಗೆ ಏನೋ ಸಿಕ್ಕಿಕೊಂಡಿದೆ. ಅದು ಏನು? ಅಲ್ಲಿಗೆ ನಿಲ್ಲಿಸಿದೆ. ಅದೊಂದು ಜೀರಿಗೆ ಕಾಳೆಂದು ಹೇಳಲು ಮತ್ತೊಂದು ಬರಹ ಮಾಡಿದೆ, ಆ ಜೀರಿಗೆ ಅಲ್ಲಿಗೆ ಬಂದದ್ದು ಹೇಗೆಂದು ಹೇಳಲು ಇನ್ನೊಂದು. ಊರೇ ಓದಿತು. ಕಿರಾಣಿ ಅಂಗಡಿಯಲ್ಲಿ ಜನ ನನ್ನನ್ನು ತಡೆದು ಮುಂದೇನೆಂದು ಕೇಳಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮೂರನೇ ದಿನ ಪರದೆ ತೆಗೆದು ನೋಡಿದರೆ ಎಲ್ಲ ಸಾಲುಗಳೂ ಕಪ್ಪಗೆ ನಿಂತಿದ್ದವು, 'ಅದು ಏನು?' ಎಂಬುದರವರೆಗೆ. ಅದರ ಕೆಳಗೆ ಬಿಳಿ. ಬೀಗದ ಮೇಲೆ ಕೈ ಇಟ್ಟ ಕೂಡಲೇ ಜನ ಎದ್ದುಹೋಗುತ್ತಿದ್ದರು, ಈರಣ್ಣ ಟೀವಿ ಆರಿಸಿ ಏಳುತ್ತಿದ್ದ ಹಾಗೆಯೇ. ಯಾವ ಒಂದು ಸಾಲಿಗಾಗಿ ಇಷ್ಟೆಲ್ಲ ಮಾಡಿದೆನೋ ಅದೊಂದೇ ಉಳಿದಿರಲಿಲ್ಲ.

ಬುದ್ಧಿಯಿದ್ದವಳು ಅಲ್ಲಿಗೆ ನಿಲ್ಲಿಸುತ್ತಿದ್ದಳು. ನನಗೆ ಹಟ ಹಿಡಿಯಿತು. ಪ್ರಶ್ನೆ ಇನ್ನೂ ದೊಡ್ಡದಿದ್ದರೆ ಉತ್ತರ ಅಡಿಯಲ್ಲೆಲ್ಲಾದರೂ ಇದೆಯೇನೋ ಎಂದು ಜನ ತಳದವರೆಗೆ ತಡಕಾಡುತ್ತಾರೆ ಎಂದು ಲೆಕ್ಕ ಹಾಕಿದೆ. ಶನಿವಾರ ಬೆಳಿಗ್ಗೆ ಪೇಟಿಯ ಪಟ್ಟಿಗಳನ್ನು ಬಿಚ್ಚಿ ಸ್ವಚ್ಛ ಮಾಡುವ ಬಗೆಯನ್ನು ಬರೆದೆ. ಮೇಲಿನ ಹಲಗೆ ತೆಗೆಯಿರಿ, ಉದ್ದನೆಯ ತಂತಿ ಎಳೆಯಿರಿ, ಮೂವತ್ತೇಳೂ ಪಟ್ಟಿಗಳನ್ನು ಎತ್ತಿ ಬಟ್ಟೆಯ ಮೇಲೆ ಇಡಿ, ಮೆತ್ತನೆಯ ಕುಂಚದಿಂದ ಧೂಳು ಜಾಡಿಸಿ. ಕೊನೆಗೆ ಬರೆದೆ: 'ಆದರೆ ಇದನ್ನೆಲ್ಲ ಮಾಡುವ ಮುಂಚೆ ಒಂದು ಕೆಲಸ ಮಾಡಲೇಬೇಕಿತ್ತು. ಅದು ಯಾವುದು? ಸೋಮವಾರ ಹೇಳುತ್ತೇನೆ.'

ಆ ಕೆಲಸ ಯಾವುದೆಂದು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಒಮ್ಮೆ ಆದದ್ದು ಸಾಕು. ಪಟ್ಟಿಗಳು ನೋಡಲು ಒಂದೇ ಥರ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬೇರೆ ಊರಿನಲ್ಲಾದರೆ ಒಂದೊಂದರ ಮೇಲೂ ಅಂಕಿ ಬರೆಯುತ್ತಾರೇನೋ. ನಮ್ಮಲ್ಲಿ ಪೇಟಿಯ ಹೊಟ್ಟೆಯೊಳಗಿನ ಅಂಕಿಯನ್ನು ಯಾರು ಓದಬೇಕು? ಅದಕ್ಕೇ ಮುರಿಗೆಪ್ಪಜ್ಜ ಬಿಚ್ಚುವ ಮುಂಚೆ ಈ ತುದಿಯಿಂದ ಆ ತುದಿಗೆ, ಎಲ್ಲ ಪಟ್ಟಿಗಳ ಮೇಲೆ ಹಾಯುವಂತೆ ಪೆನ್ಸಿಲಿನಲ್ಲಿ ಒಂದೇ ಒಂದು ಓರೆ ಗೆರೆ ಎಳೆಯುತ್ತಿದ್ದ. ಗೆರೆ ಅಕ್ಷರವಲ್ಲವಾದ್ದರಿಂದ ಅಳಿಸಿಹೋಗುವುದಿಲ್ಲ. ತಿರುಗಿ ಜೋಡಿಸುವಾಗ ಗೆರೆ ಕೂಡಿಬಂದರೆ ಪಟ್ಟಿಗಳೂ ಕೂಡಿಬಂದವು.

ಭಾನುವಾರ ಮಧ್ಯಾಹ್ನ ರಾಚಪ್ಪ ನಮ್ಮ ಬಾಗಿಲಿಗೆ ಬಂದ. ಸೋಮವಾರದ ಭಜನೆಯಲ್ಲಿ ಮುಂದೆ ನಿಂತು ಹಾಡುವವನು ಅವನೇ. ಹೆಗಲ ಮೇಲೆ ಹಾಸಿಗೆ ಬಟ್ಟೆಯ ಗಂಟು, ಒಳಗೆ ಕಟಕಟ ಸದ್ದು.

"ಕಸ್ತೂರಕ್ಕಾರ, ನೀವು ಸೋಮವಾರ ಹೇಳ್ತೀನಿ ಅಂದೀರಿ. ನಾನು ಶನಿವಾರನ ಬಿಚ್ಚಿ ಕುಂತೀನ್ರಿ."

ಸಂಜೆಯೊಳಗೆ ಇನ್ನೂ ಮೂರು ಗಂಟು ಬಂದವು. ನಮ್ಮ ಊರಿನಲ್ಲಿ ಭಜನೆಗೆ ಬರುವ ಪೇಟಿಗಳೇ ನಾಲ್ಕು. ಎಲ್ಲರೂ ನನ್ನ ಮಾತು ನಂಬಿ, ಮುಂದಿನ ಕಂತಿಗೆ ಕಾಯುತ್ತ, ಹೊಟ್ಟೆ ಬಗೆದ ಪೇಟಿಯ ಮುಂದೆ ಒಂದು ರಾತ್ರಿ ಕಳೆದಿದ್ದರು. ಯಾರೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ಈರಣ್ಣ ಗಂಟುಗಳನ್ನು ಸಾಲಾಗಿ ಇಟ್ಟು, ಬಾಗಿಲ ಮುಂದೆ ಒಳ್ಳೇ ರಹಸ್ಯ ತಂದಿಟ್ಟುಕೊಂಡೆ ಎಂದು ನಗಲು ನೋಡಿದ.

ಅಜ್ಜನಿಗೆ ಹೇಳದೆ ವಿಧಿಯಿರಲಿಲ್ಲ. ಅವನ ಮನೆಗೆ ಹೋದಾಗ ಏಳು ಹೊಡೆದಿತ್ತು. ಅವನೂ 'ಹನ್ನೊಂದನೇ ಬೀಗ' ನೋಡುತ್ತ ಕೂತಿದ್ದ. ಕೂತುಕೋ ಎಂದು ಕೈಸನ್ನೆ ಮಾಡಿದ. ಕೂತೆ, ಕೂತಲ್ಲೇ ಎಲ್ಲ ಹೇಳಿದೆ. ಅವನು ಪರದೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡ.

"ಮೊದಲ ಮಾಡೋದನ್ನ ಕಡೀಕ ಹೇಳಿದ್ರ ಅದು ಕತಿ ಆಗ್ತೈತಿ, ಕೆಲಸ ಆಗಂಗಿಲ್ಲ," ಎಂದ. ಅಷ್ಟೇ. ಸಿಟ್ಟಿರಲಿಲ್ಲ, ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಎನಿಸಿತು.

ದಾಕ್ಷಾಯಿಣಿ ಹನ್ನೊಂದನೇ ಬೀಗದ ಮೇಲೆ ಕೈ ಇಟ್ಟಳು, ಕಂತು ಮುಗಿಯಿತು. ಇನ್ನು ಮಾತಾಡುತ್ತಾನೆಂದು ಕಾದೆ. ಅಜ್ಜ ಟೀವಿ ಆರಿಸಲಿಲ್ಲ. ಕೊನೆಗೆ ಓಡುವ ಹೆಸರುಗಳ ಪಟ್ಟಿ ನಮ್ಮ ಊರಿನಲ್ಲಿ ಬರುವಾಗಲೇ ಖಾಲಿ, ಬರೀ ಕಪ್ಪು ಪರದೆ ಮೇಲಕ್ಕೆ ಸರಿಯುತ್ತದೆ. ಅವನು ಆ ಕಪ್ಪನ್ನೇ ಮುಂದೆ ಬಾಗಿ ನೋಡುತ್ತಿದ್ದ. ನಡುವೆ ಎಲ್ಲೋ ಕೆಳಗಿನಿಂದ ಒಂದೇ ಒಂದು ಸಾಲು ಬೆಳ್ಳಗೆ ಮೂಡಿ ಬಂತು. ಪೇಟಿ ವಾದನ, ವೆಂಕಣ್ಣ ಗುಡಿಮನಿ. ಅಜ್ಜ ತುಟಿಯಲ್ಲೇ ಓದಿ, ತಲೆ ಆಡಿಸಿ, ಆಮೇಲೆ ಟೀವಿ ಆರಿಸಿದ.

ಆ ಹೆಸರೊಂದು ಹೇಗೆ ಉಳಿಯಿತೆಂದು ಕೇಳಿದೆ.

"ಬೀಗದ ಮುಂದ ಮಧ್ಯಮ ಹಿಡೀತಾನಲ್ಲವಾ, ತಿದಿ ಒಂದ ಉಸಿರಿನ್ಯಾಗ ಹೋಗ್ತೈತಿ. ಮೊದಲನೇ ದಿನ ಕೇಳಿದಾಗನ ಅನಿಸ್ತು, ಈ ಕೈ ಯಾರದು ಅಂತ. ಕಾದು ಕುಂತೆ. ಹೆಸರು ಬಂತು."

ಕೊಲೆ ಮಾಡಿದವನು ಯಾರೆಂದು ಇಡೀ ಊರು ಕಾಯುತ್ತಿದ್ದಾಗ ಈ ಮನುಷ್ಯ ಬಾರಿಸಿದವನು ಯಾರೆಂದು ಕಾದಿದ್ದ. ಗಿರಣಿಯ ಗೋಡೆಯ ಮೇಲೆ ಇಲ್ಲದ ಪಾಠ ಅದೊಂದೇ. ನಾನು ಜನರಿಗೆ ಜೀರಿಗೆ ತೋರಿಸಿದ್ದೆ, ಬೀಗ ತೋರಿಸಿದ್ದೆ. ಕೈಯನ್ನು ಮಾತ್ರ ತೋರಿಸಿರಲೇ ಇಲ್ಲ. ಕಾಣದ ಕೈಯ ಹೆಸರು ಯಾರಿಗೆ ಬೇಕು?

ಸೋಮವಾರ ಮಧ್ಯಾಹ್ನ ಮೂರಕ್ಕೆ ಅಜ್ಜನನ್ನು ಗಿರಣಿಯ ಕಟ್ಟೆಗೆ ಕರೆದುಕೊಂಡು ಬಂದೆ. ಈರಣ್ಣ ಚಾಪೆ ಹಾಸಿ, ಹಿಟ್ಟಿನ ಧೂಳು ಹಾರಬಾರದೆಂದು ಗಿರಣಿ ನಿಲ್ಲಿಸಿದ. ನಾಲ್ಕು ಪೇಟಿ, ನಾಲ್ಕು ಗಂಟು, ನೂರಾ ನಲವತ್ತೆಂಟು ಪಟ್ಟಿ. ಗಂಟು ಬಿಚ್ಚುವಾಗ ಒಂದಕ್ಕೊಂದು ಬೆರೆಯದಿದ್ದದ್ದೇ ಪುಣ್ಯ. ಭಜನೆ ಎಂಟೂವರೆಗೆ, ಅದಕ್ಕೆ ಮುಂಚೆ ಏಳಕ್ಕೆ ಧಾರಾವಾಹಿಯ ಕೊನೆಯ ಕಂತು. ಡಬ್ಬಿ ಹಿಡಿದು ಬಂದವರು ಸುಮ್ಮನೆ ಸ್ವಲ್ಪ ಹೊತ್ತು ನೋಡೋಣವೆಂದು ನಿಂತರು.

ಓರೆ ಗೆರೆಯಿಲ್ಲದ ಪಟ್ಟಿಗಳನ್ನು ಜೋಡಿಸುವುದು ಹೇಗೆ? ಅಜ್ಜ ಕಣ್ಣು ಮುಚ್ಚಿ ರಾಚಪ್ಪನ ಗಂಟಿನಿಂದ ಒಂದೊಂದೇ ಪಟ್ಟಿ ಎತ್ತಿ ಹೆಬ್ಬೆರಳಿನಿಂದ ಸವರಿದ. ಬೆರಳು ಹೆಚ್ಚು ಕೂತಲ್ಲಿ ಪಟ್ಟಿ ತಗ್ಗಾಗಿ ಸವೆದಿರುತ್ತದೆ. ಒಬ್ಬೊಬ್ಬರ ಸವೆತ ಒಂದೊಂದು ಥರ. ಅವನು ಸವರಿ ಹೇಳುವುದು, ನಾನು ಇಸಿದುಕೊಂಡು ಕೂರಿಸುವುದು. ಅವನ ಕೈ ನಡುಗಿ ಸ್ಪ್ರಿಂಗು ಕೂರಿಸಲು ಆಗುತ್ತಿರಲಿಲ್ಲ, ನನಗೆ ಆಗುತ್ತಿತ್ತು. ಹತ್ತು ಪಟ್ಟಿ ಆಗುವಷ್ಟರಲ್ಲಿ ಅಜ್ಜ ರಾಚಪ್ಪನ ಕಡೆಗೆ ತಿರುಗಿದ.

"ನೀವು ಕರಿ ಪಟ್ಟಿ ನಾಕರ ಶ್ರುತೀಲೆ ಹಾಡ್ತೀರಿ. ಮ್ಯಾಲಿನ ಐದು ಪಟ್ಟಿ ಇನ್ನೂ ಹೊಸಾವ ಅದಾವ. ಅಲ್ಲಿತನಕ ನಿಮ್ಮ ದನಿ ಏರಂಗಿಲ್ಲ, ಹೌದಲ್ರಿ?"

ಕಟ್ಟೆಯ ತುಂಬ ನಗು. ರಾಚಪ್ಪನೂ ನಕ್ಕ, ನಗುತ್ತಲೇ ಅವನ ಬಾಯಿ ತೆರೆದೇ ಉಳಿಯಿತು. ಇಪ್ಪತ್ತು ವರ್ಷ ತನ್ನ ಪೇಟಿ ರಿಪೇರಿಯಾಗಿ ಬರುತ್ತಿತ್ತು, ತನ್ನ ದನಿಯನ್ನು ಇಷ್ಟು ಬಲ್ಲವನೊಬ್ಬ ಅಂಗಡಿಯ ಗೋಡೆಯ ಹಿಂದೆ ಇದ್ದನೆಂದು ಅವನಿಗೆ ಗೊತ್ತಿರಲಿಲ್ಲ. ಎರಡನೇ ಪೇಟಿಯ ಪಟ್ಟಿಗಳಲ್ಲಿ ಎಡಗಡೆ ಮಾತ್ರ ಸವೆತ ಕಂಡು, ಇದನ್ನು ನುಡಿಸುವವರು ಎಡಗೈಯವರು ಎಂದ. ಮೂರನೆಯದನ್ನು ಮೂಗಿಗೆ ಹಿಡಿದು, ಇದು ಅಡುಗೆಮನೆಯ ಪಕ್ಕದಲ್ಲಿರುವ ಪೇಟಿ ಎಂದ. ಪ್ರತಿ ಸಲ ಯಾರೋ ಒಬ್ಬರು ಗುಂಪಿನಿಂದ ಹೌದು ಹೌದು ಎಂದು ಕೈ ಎತ್ತುತ್ತಿದ್ದರು. ಒಂದೊಂದು ಪೇಟಿ ಮುಗಿದಾಗಲೂ ಅಜ್ಜ ಪೆನ್ಸಿಲ್ ತೆಗೆದುಕೊಂಡು ಈ ತುದಿಯಿಂದ ಆ ತುದಿಗೆ ಓರೆ ಗೆರೆ ಎಳೆದ. ಕೈ ನಡುಗಿ ಗೆರೆ ಸೊಟ್ಟಸೊಟ್ಟವಾಗಿ ಬಂತು. ನಾನು ಮುಖ ಬೇರೆ ಕಡೆ ಮಾಡಿದ್ದನ್ನು ಅವನು ಕಂಡ.

"ನಡುಗಿದ ಗೆರಿನ ಛಲೋ. ತಪ್ಪು ಕುಂದ್ರಿಸಿದ್ರ ಲಗೂನ ತಿಳೀತೈತಿ," ಎಂದ.

ನಾಲ್ಕನೇ ಪೇಟಿಯ ಕೊನೆಯ ಪಟ್ಟಿ ಕೂತಾಗ ಕತ್ತಲಾಗಿತ್ತು. ಯಾರೋ ಗಡಿಯಾರ ನೋಡಿ ಏಳೂ ಮುಕ್ಕಾಲು ಎಂದರು. ಹನ್ನೊಂದನೇ ಬೀಗ ಆಗಲೇ ತೆರೆದು ಮುಗಿದಿತ್ತು, ನಮ್ಮ ಊರಿನಲ್ಲಿ ಅದನ್ನು ಒಬ್ಬರೂ ನೋಡಿರಲಿಲ್ಲ. ಈರಣ್ಣನನ್ನು ನೋಡಿದೆ. ಅರ್ಧ ಕಡಿದ ಬಾಳೆಹಣ್ಣು ಅವನ ಕೈಯಲ್ಲಿ ಹಾಗೇ ಇತ್ತು. ರಾಚಪ್ಪ ತನ್ನ ಪೇಟಿ ಎಳೆದುಕೊಂಡು ಷಡ್ಜ ಹಿಡಿದ. ಸ್ವರ ಕಟ್ಟೆಯ ಮೇಲಿಂದ ಬೀದಿಗೆ ಇಳಿದುಹೋಯಿತು. ಅವನು ತಿದಿ ಬಿಟ್ಟು ಎದ್ದು ಬಂದು ಅಜ್ಜನ ಕಾಲು ಮುಟ್ಟಿದ.

"ಅಜ್ಜಾರ, ನಿಮ್ಮ ಹೆಸರೇನ್ರಿ?"

ಅಜ್ಜ ಕನ್ನಡಕ ಒರೆಸಿಕೊಂಡ. "ಈಕಿ ಬರಿಯೋದರ ತಳದಾಗ ಐತಂತ. ಓದ್ರಿ," ಎಂದು ಕೋಲು ಹುಡುಕಿಕೊಂಡು ಎದ್ದ.

ಜನ ಅಲ್ಲೇ ಫೋನು ತೆಗೆದರು. ತಳದಲ್ಲಿ ಏನೂ ಇಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಗಿರಣಿಯೊಳಗೆ ಓಡಿ, ಜೋಳದ ಚೀಲದ ಮೇಲೆ ಕೂತು ಬರೆದೆ. ಮೊದಲು ಮಾಡುವುದನ್ನು ಮೊದಲು ಬರೆದೆ: ಬಿಚ್ಚುವ ಮುಂಚೆ ಓರೆ ಗೆರೆ ಎಳೆಯಿರಿ. ಆಮೇಲೆ ಸವೆದ ಪಟ್ಟಿಯ ಮೇಲೆ ಓಡುವ ಹೆಬ್ಬೆರಳನ್ನು ಬರೆದೆ, ಅದರ ನಡುಕವನ್ನು ಬರೆದೆ, ಅಮ್ಮನ ಕೂದಲನ್ನೂ ಬರೆದೆ. ಎಲ್ಲಿಯೂ ಬೀಗ ಹಾಕಲಿಲ್ಲ. ಕೊನೆಗೆ ಆ ಸಾಲು. ಹೊರಗೆ ಕಟ್ಟೆಯ ಮೇಲೆ ಒಂದರ ಹಿಂದೆ ಒಂದು ಬಾಯಿ ಆ ಹೆಸರನ್ನು ಮೆಲ್ಲಗೆ ಓದಿದ್ದು ನನಗೆ ಕೇಳಿಸಿತು. ಆ ಸಲದ ಭಜನೆ ಅರ್ಧ ಗಂಟೆ ತಡವಾಗಿ ಶುರುವಾಯಿತು, ನಾಲ್ಕು ಪೇಟಿಗಳೂ ಹಾಡಿದವು.

ಮರುದಿನ ಮಧ್ಯಾಹ್ನ ಕೊನೆಯ ಕಂತನ್ನು ಮತ್ತೆ ಹಾಕಿದರು. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ, ಆ ಒಂದು ಪಾಠವನ್ನು ಇನ್ನೂ ಬಿಟ್ಟಿಲ್ಲ. ಆದರೆ ಮುಗಿದ ಮೇಲೆ ಯಾರೂ ಟೀವಿ ಆರಿಸಲಿಲ್ಲ. ನನ್ನಿಂದ ಕೇಳಿ ವೆಂಕಣ್ಣ ಗುಡಿಮನಿಯ ಹೆಸರಿಗೆಂದು ಕಾದವರ ಕಣ್ಣೆದುರು ಬಟ್ಟೆ ಹೊಲಿದವರು, ದೀಪ ಹಿಡಿದವರು, ಚಹಾ ಕೊಟ್ಟವರು ಒಬ್ಬೊಬ್ಬರಾಗಿ ಮೂಡಿ ಮೇಲಕ್ಕೆ ಹೋದರು. ಟೇಲರ್ ಹೆಸರು ಬಂದಾಗ ರಾಚಪ್ಪ ಚಪ್ಪಾಳೆ ತಟ್ಟಿದನಂತೆ.

ಅಜ್ಜನ ಹೆಸರು ಮೂರನೇ ದಿನವೂ ಇತ್ತು, ಹತ್ತನೇ ದಿನವೂ ಇತ್ತು. ಇಂದಿಗೂ ಇದೆ. ಹಿಂದಿನ ಕೋಣೆಗೆ ಹೋಗಿ ತೋರಿಸಿದೆ. ಅವನು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ನಿನ್ನ ಹೆಸರು ಎಲ್ಲಿದೆ ಎಂದು ನನ್ನನ್ನು ಕೇಳಿದ. ನಾನು ಯಾವತ್ತೂ ಬರೆದಿರಲಿಲ್ಲ. ಹೇಳಿದವನ ಹೆಸರು ಸಾಕೇ, ಕೇಳಿದವಳದು ಬೇಡವೇ ಎಂದು ರೇಗಿದ. ಅವನ ಎದುರಿಗೇ ಕೂತು, ಅವನ ಹೆಸರಿನ ಕೆಳಗೆ ಸಣ್ಣದಾಗಿ ಬರೆದೆ: ಕೇಳಿ ಬರೆದವಳು ಕಸ್ತೂರಿ.

ಅದು ನಿಲ್ಲುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಜನರಿಗೆ ಬೇಕಾಗಿದ್ದದ್ದು ಅಜ್ಜನ ಹೆಸರು, ಅದು ಸಿಕ್ಕ ಕೂಡಲೇ ಫೋನು ಜೇಬಿಗೆ ಹೋಗುತ್ತದೆ. ನಾಲ್ಕನೇ ದಿನ ಬೆಳಿಗ್ಗೆ ಸುಮ್ಮನೆ ತೆಗೆದು ನೋಡಿದೆ. ನನ್ನ ಸಾಲು ಕಪ್ಪಗೆ, ಗಟ್ಟಿಯಾಗಿ ನಿಂತಿತ್ತು. ಯಾರು ಓದಿದರೆಂದು ತಿಳಿಯದೆ ಈರಣ್ಣನನ್ನು ಕೇಳೋಣವೆಂದು ಗಿರಣಿಗೆ ಹೋದೆ. ಅವನು ಹೊರಗೆ ಜೋಳ ಅಳೆಯುತ್ತಿದ್ದ, ಫೋನು ಗಲ್ಲಾಪೆಟ್ಟಿಗೆಯ ಮೇಲೆ ನನ್ನದೇ ಬರಹ ತೆರೆದುಕೊಂಡು ಬಿದ್ದಿತ್ತು. ಪರದೆಯ ಮೇಲಿಂದ ಕೆಳಗಿನವರೆಗೆ ಅವನ ಬೆರಳು ಎಳೆದ ಹಿಟ್ಟಿನ ಗೆರೆಯಿತ್ತು, ಸ್ವಲ್ಪ ಓರೆಯಾಗಿ, ನನ್ನ ಹೆಸರಿನ ಮೇಲೆ ಬಂದು ನಿಂತಿತ್ತು.